ತಪ್ಪು ಅನ್ಯರದು, ರಿಯಾಯಿತಿ ಹೋಗುವುದು ನಮ್ಮದು
ಮೋಟಾರು ವಿಮೆಯ ‘ನೋ ಕ್ಲೇಮ್ ಬೋನಸ್’ ಕುರಿತು ಒಂದು ಪಾಠ

ಸಂಘದ ವಾಚನಾಲಯಕ್ಕೆ ಬರುವ ಬಂಧುಗಳು ವೃತ್ತಪತ್ರಿಕೆ ಓದುವುದರ ಜೊತೆಗೆ ತಮ್ಮ ಕಾಗದಪತ್ರಗಳನ್ನೂ ತಂದು ಕೇಳುವುದುಂಟು. ಅವುಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು: “ನಮ್ಮ ಗಾಡಿ ನಿಂತಲ್ಲೇ ನಿಂತಿತ್ತು. ಹಿಂದಿನಿಂದ ಬಂದವನು ಗುದ್ದಿದ. ತಪ್ಪು ಪೂರಾ ಅವನದು. ವಿಮೆಯವರೂ ಅದನ್ನು ಒಪ್ಪಿದರು. ಆದರೂ ಮುಂದಿನ ವರ್ಷ ನಮ್ಮ ಪ್ರೀಮಿಯಂ ಏಕೆ ಏರಿತು?” ಪ್ರಶ್ನೆ ನ್ಯಾಯವಾದದ್ದೇ. ನಾವು ವಕೀಲರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೆ ಈ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಲೆಕ್ಕದಲ್ಲಿಯೇ ಇರುವುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇವೆ. ಓದುಗರು ತಮ್ಮ ಪಾಲಿಸಿಯನ್ನೂ ಒಂದು ಪೆನ್ಸಿಲನ್ನೂ ಬಳಿಯಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನವಾದೀತು.

೧. ಒಂದು ಪಾಲಿಸಿ, ಎರಡು ಭಾಗ

ಮೋಟಾರು ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ‘ಥರ್ಡ್ ಪಾರ್ಟಿ’ ಅಥವಾ ಅನ್ಯರ ಭಾಗ. ನಮ್ಮ ಗಾಡಿಯಿಂದ ಅನ್ಯರಿಗೆ ಪೆಟ್ಟಾದರೆ, ಸಾವಾದರೆ, ಅವರ ಸೊತ್ತು ಹಾಳಾದರೆ ಕೊಡಬೇಕಾದ ಪರಿಹಾರ ಇದರಿಂದ ಹೋಗುತ್ತದೆ. ಇದು ಕಾನೂನಿನಂತೆ ಕಡ್ಡಾಯ. ಇದಿಲ್ಲದೆ ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ೨,೦೦೦ ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಇದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ೧,೦೦೦ ಸಿ.ಸಿ.ವರೆಗಿನ ಸ್ವಂತ ಕಾರಿಗೆ ವರ್ಷಕ್ಕೆ ೨,೦೯೪ ರೂಪಾಯಿ. ೭೫ರಿಂದ ೧೫೦ ಸಿ.ಸಿ.ವರೆಗಿನ ಸ್ಕೂಟರು, ಮೋಟಾರು ಸೈಕಲ್ಲಿಗೆ ೭೧೪ ರೂಪಾಯಿ. ಈ ಭಾಗದಲ್ಲಿ ಎಷ್ಟು ವರ್ಷ ಜೋಪಾನವಾಗಿ ಓಡಿಸಿದರೂ ರಿಯಾಯಿತಿ ಇಲ್ಲ.

ಎರಡನೆಯದು ‘ಓನ್ ಡ್ಯಾಮೇಜ್’, ಎಂದರೆ ನಮ್ಮ ಗಾಡಿಯ ಸ್ವಂತ ನಷ್ಟದ ಭಾಗ. ಅಪಘಾತ, ಬೆಂಕಿ, ಕಳವು, ನೆರೆ ಮೊದಲಾದವುಗಳಿಂದ ನಮ್ಮ ಗಾಡಿಗೆ ಆದ ನಷ್ಟವನ್ನು ಇದರಿಂದ ಕೇಳಬಹುದು. ಇದು ಕಡ್ಡಾಯವಲ್ಲ. ‘ನೋ ಕ್ಲೇಮ್ ಬೋನಸ್’ ಎಂಬ ರಿಯಾಯಿತಿ ಈ ಎರಡನೆಯ ಭಾಗಕ್ಕೆ ಮಾತ್ರ ಸಿಗತಕ್ಕದ್ದು.

೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಮಾಡಿಸುವ ನಿಯಮ ಬಂತು. ಇದರಿಂದ ಅನೇಕರು “ನಮ್ಮ ವಿಮೆ ಐದು ವರ್ಷಕ್ಕಿದೆ” ಎಂದು ನೆಮ್ಮದಿಯಿಂದಿರುತ್ತಾರೆ. ಐದು ವರ್ಷಕ್ಕಿರುವುದು ಅನ್ಯರ ಭಾಗ. ಸ್ವಂತ ನಷ್ಟದ ಭಾಗ ಒಂದೇ ವರ್ಷಕ್ಕೆ ಮುಗಿದಿರಬಹುದು. ಪಾಲಿಸಿಯಲ್ಲಿ ಎರಡೂ ಭಾಗಗಳ ಮುಕ್ತಾಯದ ತಾರೀಖು ಬೇರೆ ಬೇರೆ ಬರೆದಿರುತ್ತದೆ, ಇಂದೇ ನೋಡಿಕೊಳ್ಳಿರಿ.

೨. ರಿಯಾಯಿತಿಯ ಮೆಟ್ಟಿಲುಗಳು

ಒಂದು ಪೂರ್ಣ ವರ್ಷ ಯಾವ ಕ್ಲೇಮನ್ನೂ ಮಾಡದಿದ್ದರೆ ಮುಂದಿನ ವರ್ಷ ಸ್ವಂತ ನಷ್ಟದ ಪ್ರೀಮಿಯಮ್ಮಿನಲ್ಲಿ ನೂರಕ್ಕೆ ೨೦ ರಿಯಾಯಿತಿ. ಸತತ ಎರಡು ವರ್ಷಕ್ಕೆ ೨೫, ಮೂರಕ್ಕೆ ೩೫, ನಾಲ್ಕಕ್ಕೆ ೪೫, ಐದಕ್ಕೆ ೫೦. ಅಲ್ಲಿಗೆ ಮೆಟ್ಟಿಲು ಮುಗಿಯಿತು. ೨೦೦೨ರ ಭಾರತೀಯ ಮೋಟಾರು ಸುಂಕಪಟ್ಟಿಯಲ್ಲಿ ಬರೆದಿಟ್ಟ ಈ ಕ್ರಮ ಕಾರು, ಸ್ಕೂಟರು, ಟೆಂಪೊ ಎಂಬ ಭೇದವಿಲ್ಲದೆ ಎಲ್ಲ ಗಾಡಿಗಳಿಗೂ ಒಂದೇ. ೨೦೦೭ರ ಜನವರಿ ೧ರಿಂದ ಸ್ವಂತ ನಷ್ಟದ ದರ ಕಟ್ಟುವ ಸ್ವಾತಂತ್ರ್ಯ ಕಂಪನಿಗಳಿಗೆ ಸಿಕ್ಕಿತಾದರೂ ಮೆಟ್ಟಿಲುಗಳು ಹಾಗೆಯೇ ಉಳಿದುವು.

ಏರುವಾಗ ಐದು ವರ್ಷ. ಇಳಿಯುವಾಗ ಒಂದೇ ಜಿಗಿತ. ಒಂದು ಕ್ಲೇಮ್ ಮಾಡಿದರೆ, ಅದು ಐದು ಸಾವಿರದ್ದಿರಲಿ ಐವತ್ತು ಸಾವಿರದ್ದಿರಲಿ, ಮುಂದಿನ ನವೀಕರಣದಲ್ಲಿ ರಿಯಾಯಿತಿ ಸೊನ್ನೆಗೆ ಬರುತ್ತದೆ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಈ ರಿಯಾಯಿತಿಯ ಹೆಸರು ‘ನೋ ಕ್ಲೇಮ್’ ಬೋನಸ್ಸೇ ಹೊರತು ‘ತಪ್ಪಿಲ್ಲದವನ’ ಬೋನಸ್ಸಲ್ಲ. ಕಂಪನಿ ಕೇಳುವುದು “ನೀವು ನಮ್ಮಿಂದ ಹಣ ತೆಗೆದುಕೊಂಡಿರಾ?” ಎಂದು. “ತಪ್ಪು ಯಾರದು?” ಎಂದು ಅದು ಕೇಳುವುದಿಲ್ಲ. ಎರಡೂ ಗಾಡಿಗಳಿಗೆ ಪೂರ್ಣ ವಿಮೆಯಿದ್ದಾಗ ಆಯಾ ಕಂಪನಿ ತನ್ನ ತನ್ನ ಗಿರಾಕಿಯ ಗಾಡಿಯನ್ನು ರಿಪೇರಿ ಮಾಡಿಸಿಕೊಡಬೇಕು, ಒಂದು ಇನ್ನೊಂದರ ಮೇಲೆ ವಸೂಲಿಗೆ ಹೋಗಬಾರದು ಎಂಬ ‘ನಾಕ್ ಫಾರ್ ನಾಕ್’ ಎಂಬ ಒಪ್ಪಂದವೂ ವಿಮಾ ಕಂಪನಿಗಳಲ್ಲಿದೆ. ಇದರಿಂದ ರಿಪೇರಿ ಬೇಗ ಆಗುತ್ತದೆ, ನಿಜ. ಆದರೆ ತಪ್ಪಿಲ್ಲದವನ ಕ್ಲೇಮು ಅವನ ಖಾತೆಯಲ್ಲಿಯೇ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಪದ್ಧತಿ ತುಸು ಬೇರೆ. ಅಲ್ಲಿ ಕಂಪನಿ ತಾನು ಕೊಟ್ಟ ಹಣವನ್ನು ತಪ್ಪಿತಸ್ಥನ ಕಂಪನಿಯಿಂದ ಪೂರ್ತಿ ವಸೂಲು ಮಾಡಿಕೊಂಡರೆ ಸಾಮಾನ್ಯವಾಗಿ ತಪ್ಪಿಲ್ಲದವನ ರಿಯಾಯಿತಿಗೆ ಧಕ್ಕೆ ಬರುವುದಿಲ್ಲ. ವಿದೇಶದಲ್ಲಿರುವ ನೆಂಟರು ಹೇಳಿದ್ದನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿದರೆ ಮೋಸಹೋದೇವು.

೩. ನವಲೆ ಸೇತುವೆಯ ಪಾಠ

ನಮ್ಮ ಪುಣೆಯದೇ ನಿದರ್ಶನ ತೆಗೆದುಕೊಳ್ಳೋಣ. ಮುಂಬಯಿ–ಬೆಂಗಳೂರು ಹೆದ್ದಾರಿ ನಮಗೆಲ್ಲ ಊರಿನ ದಾರಿ. ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದ ಮರಳುವಾಗ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಜಾರು. ೨೦೨೨ರ ನವೆಂಬರ್ ೨೦, ಭಾನುವಾರ ರಾತ್ರಿ ಆ ಇಳಿಜಾರಿನಲ್ಲಿ ಬಂದ ಭಾರಿ ಸರಕಿನ ವಾಹನವೊಂದು ಹತೋಟಿ ತಪ್ಪಿ ಸೇತುವೆಯ ಬಳಿ ಹತ್ತಾರು ಗಾಡಿಗಳಿಗೆ ಢಿಕ್ಕಿ ಹೊಡೆಯಿತು. ಹಲವರಿಗೆ ಗಾಯವಾಯಿತು, ಕಾರುಗಳು ನಜ್ಜುಗುಜ್ಜಾದುವು. ಇಂಥ ಸಾಲಿನಲ್ಲಿ ನಿಂತ ಕಾರಿನವನ ತಪ್ಪು ಏನು? ಏನೂ ಇಲ್ಲ. ಆದರೂ ಅವನು ತನ್ನ ಪಾಲಿಸಿಯಿಂದ ರಿಪೇರಿ ಮಾಡಿಸಿದರೆ ರಿಯಾಯಿತಿ ಸೊನ್ನೆ.

ಅದಕ್ಕೆ ಮುಂಚೆ ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಅಂಬಿಲ್ ಓಢಾ ಉಕ್ಕಿ ಹರಿದು ಸಹಕಾರನಗರ, ಅರಣ್ಯೇಶ್ವರದ ಸುತ್ತ ಅನಾಹುತವಾದದ್ದು ಅನೇಕರಿಗೆ ನೆನಪಿರಬಹುದು. ನಿಲ್ಲಿಸಿದ್ದ ಗಾಡಿಗಳು ನೀರಿನಲ್ಲಿ ತೇಲಿಹೋದುವು. ಅಲ್ಲಿ ತಪ್ಪು ಮಾಡಿದ ಚಾಲಕನೇ ಇಲ್ಲ. ಹಾಗಿದ್ದರೂ ಲೆಕ್ಕ ಅದೇ: ಕ್ಲೇಮ್ ಮಾಡಿದರೆ ರಿಯಾಯಿತಿ ಹೋಯಿತು. ಆದರೆ ಗಾಡಿಯೇ ಹೋದಾಗ ರಿಯಾಯಿತಿಯ ಮುಖ ನೋಡುತ್ತ ಕೂರುವುದು ಜಾಣತನವಲ್ಲ. ಯಾವಾಗ ಕೇಳಬೇಕು, ಯಾವಾಗ ಕೈಯಿಂದ ಕೊಡಬೇಕು ಎಂಬುದೇ ತಿಳಿಯತಕ್ಕ ವಿಷಯ.

೪. ಕೈಲೆಕ್ಕ

ರಿಯಾಯಿತಿ ಹೋಯಿತೆಂದರೆ ಒಂದು ವರ್ಷದ ನಷ್ಟವೆಂದು ಅನೇಕರು ಎಣಿಸುತ್ತಾರೆ. ಹಾಗಲ್ಲ. ಮತ್ತೆ ಮೊದಲ ಮೆಟ್ಟಿಲಿನಿಂದ ಏರಬೇಕಾದುದರಿಂದ ಐದು ವರ್ಷ ಪೆಟ್ಟು ಬೀಳುತ್ತದೆ.

ನೂರಕ್ಕೆ ೫೦ರ ಮೆಟ್ಟಿಲಿನಲ್ಲಿದ್ದವನು ಕ್ಲೇಮ್ ಮಾಡಿದನೆನ್ನಿರಿ. ಮುಂದಿನ ಐದು ನವೀಕರಣಗಳಲ್ಲಿ ಅವನಿಗೆ ಸಿಗುವುದು ೦, ೨೦, ೨೫, ೩೫, ೪೫. ಮಾಡದಿದ್ದರೆ ಪ್ರತಿ ಸಲವೂ ೫೦ ಸಿಗುತ್ತಿತ್ತು. ಕಳೆದುಕೊಂಡದ್ದು ಕ್ರಮವಾಗಿ ೫೦, ೩೦, ೨೫, ೧೫, ೫. ಒಟ್ಟು ೧೨೫. ಎಂದರೆ ರಿಯಾಯಿತಿ ಕಳೆಯುವ ಮೊದಲಿನ ಒಂದು ವರ್ಷದ ಮೂಲ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು.

ಇದೇ ರೀತಿ ಲೆಕ್ಕ ಹಾಕಿದರೆ, ಇನ್ನೂ ರಿಯಾಯಿತಿಯೇ ಇಲ್ಲದ ಮೊದಲ ವರ್ಷದವನಿಗೆ ಒಟ್ಟು ನಷ್ಟ ಮೂಲ ಪ್ರೀಮಿಯಮ್ಮಿನ ನೂರಕ್ಕೆ ೫೦, ೨೦ರಲ್ಲಿರುವವನಿಗೆ ೮೦, ೨೫ರಲ್ಲಿರುವವನಿಗೆ ೧೦೫, ೩೫ರಲ್ಲಿರುವವನಿಗೆ ೧೨೦, ೪೫ರಲ್ಲಿ ಅಥವಾ ೫೦ರಲ್ಲಿರುವವನಿಗೆ ೧೨೫. ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿದು ಮೂಲ ಪ್ರೀಮಿಯಮ್ಮೂ ಇಳಿಯುವುದರಿಂದ ನಿಜವಾದ ಮೊತ್ತ ತುಸು ಕಡಿಮೆಯಾದೀತು. ತೆರಿಗೆ ಸೇರಿದರೆ ತುಸು ಹೆಚ್ಚಾದೀತು. ಅಂದಾಜಿಗೆ ಇಷ್ಟು ಸಾಕು.

ಇನ್ನು ಕಂಪನಿಯಿಂದ ಬರುವುದೆಷ್ಟು? ಬಿಲ್ಲಿನ ಮೊತ್ತವೆಲ್ಲ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರು, ನೈಲಾನ್ ಸಾಮಾನಿಗೆ ಅರ್ಧ ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನಂತೆ ಕಡಿತ. ಐದು ವರ್ಷ ಮೀರಿ ಹತ್ತರವರೆಗೆ ನೂರಕ್ಕೆ ೪೦. ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಅರ್ಧ ಕಡಿತ. ಬಣ್ಣದ ಬಿಲ್ಲು ಒಟ್ಟಾಗಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿಯೆಂದು ಹಿಡಿಯುತ್ತಾರೆ. ಇದರ ಮೇಲೆ ಕಡ್ಡಾಯ ಕಡಿತ ೧,೫೦೦ ಸಿ.ಸಿ.ವರೆಗಿನ ಕಾರಿಗೆ ೧,೦೦೦ ರೂಪಾಯಿ.

ಉದಾಹರಣೆ: ಆರು ವರ್ಷದ ಸಣ್ಣ ಕಾರು. ಮೂಲ ಪ್ರೀಮಿಯಂ ೬,೦೦೦. ೫೦ರ ರಿಯಾಯಿತಿಯಿಂದ ತುಂಬುತ್ತಿರುವುದು ೩,೦೦೦. ಹಿಂದಿನ ಬಂಪರು ಒಡೆಯಿತು. ಬಂಪರಿಗೆ ೪,೦೦೦, ಬಣ್ಣಕ್ಕೆ ೨,೦೦೦, ಕೂಲಿ ೩,೦೦೦. ಒಟ್ಟು ಬಿಲ್ಲು ೯,೦೦೦. ಕಂಪನಿ ಕೊಡುವುದು ಬಂಪರಿಗೆ ೨,೦೦೦, ಬಣ್ಣಕ್ಕೆ ೧,೭೫೦, ಕೂಲಿಗೆ ೩,೦೦೦. ಒಟ್ಟು ೬,೭೫೦ರಲ್ಲಿ ಕಡ್ಡಾಯ ಕಡಿತ ೧,೦೦೦ ಹೋಗಿ ೫,೭೫೦. ರಿಯಾಯಿತಿಯ ನಷ್ಟವಾದರೋ ೬,೦೦೦ದ ಒಂದೂಕಾಲು ಪಟ್ಟು, ೭,೫೦೦. ಕ್ಲೇಮ್ ಮಾಡಿದರೆ ೧,೭೫೦ ರೂಪಾಯಿ ಕೈಬಿಟ್ಟಂತೆ. ಅದೇ ಕಾರಿಗೆ ೪೦,೦೦೦ದ ನಷ್ಟವಾಗಿ ಕಂಪನಿಯಿಂದ ೨೮,೦೦೦ ಬರುವುದಾದರೆ ಅನುಮಾನಿಸದೆ ಕೇಳಬೇಕು.

ಒಟ್ಟಿನಲ್ಲಿ ಸೂತ್ರ ಇಷ್ಟೆ: ಕೈಗೆ ಬರುವ ಹಣ ರಿಯಾಯಿತಿಯ ನಷ್ಟಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಕ್ಲೇಮ್, ಇಲ್ಲವಾದರೆ ಕೈಯಿಂದ ಖರ್ಚು. ಒಂದೇ ಪಾಲಿಸಿ ವರ್ಷದಲ್ಲಿ ಒಮ್ಮೆ ಕ್ಲೇಮ್ ಆಗಿಹೋಗಿದ್ದರೆ ಎರಡನೆಯ ಕ್ಲೇಮಿಗೆ ರಿಯಾಯಿತಿಯ ಭಯ ಬೇಡ. ಸೊನ್ನೆಯಿಂದ ಕೆಳಗೆ ಇಳಿಯಲು ಮೆಟ್ಟಿಲಿಲ್ಲ.

೫. ಅನ್ಯರಿಂದಲೇ ವಸೂಲು ಮಾಡುವ ದಾರಿ

ತಪ್ಪು ಸ್ಪಷ್ಟವಾಗಿ ಇನ್ನೊಬ್ಬನದಾಗಿದ್ದರೆ ನಮ್ಮ ಪಾಲಿಸಿಯನ್ನು ಮುಟ್ಟದೆ ಅವನ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳುವ ಹಕ್ಕು ನಮಗಿದೆ. ಹೀಗೆ ಪಡೆದ ಹಣದಿಂದ ನಮ್ಮ ರಿಯಾಯಿತಿಗೆ ಧಕ್ಕೆಯಿಲ್ಲ. ಇದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೬೫ ಮತ್ತು ೧೬೬ನೆಯ ಕಲಮುಗಳು ಇದನ್ನು ಹೇಳುತ್ತವೆ. ದೇಹಕ್ಕಾದ ಪೆಟ್ಟಷ್ಟೇ ಅಲ್ಲ, ಸೊತ್ತಿನ ನಷ್ಟವೂ ಇದರಲ್ಲಿ ಸೇರಿದೆ.

ಪರಸ್ಥಳದಲ್ಲಿ ದುಡಿಯುವ ನಮಗೆ ಉಪಯೋಗವಾಗುವ ಸಂಗತಿ ಇದು: ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಗೇ ಹೋಗಬೇಕೆಂದಿಲ್ಲ. ಅರ್ಜಿದಾರ ವಾಸಿಸುವ ಅಥವಾ ಉದ್ಯೋಗ ಮಾಡುವ ಊರಿನಲ್ಲಿಯೂ ಹಾಕಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಧಾರವಾಡದ ಬಳಿ ಯಾರೋ ಗುದ್ದಿದರೆ ಪುಣೆಯಲ್ಲಿ ನೆಲೆಸಿದವನು ಪುಣೆಯಲ್ಲಿಯೇ ಅರ್ಜಿ ಕೊಡಬಹುದು. ರಜೆ ಹಾಕಿ ಪಗಾರ ಕಳೆದುಕೊಂಡು ಅಲೆಯಬೇಕಾಗಿಲ್ಲ. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅರ್ಜಿಗೆ ಆರು ತಿಂಗಳ ಗಡುವು ಬರೆದಿದೆಯಾದುದರಿಂದ ತಡ ಮಾಡಬಾರದು. ಗಿರಣಿ, ಕಾರಖಾನೆಗಳ ಕಾರ್ಮಿಕರೂ ಮಹಿಳೆಯರೂ ಪರಿಶಿಷ್ಟ ಜಾತಿ ಪಂಗಡದವರೂ ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಉಚಿತ ಕಾನೂನು ನೆರವು ಕೇಳಲು ಅರ್ಹರು. ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಇದರಲ್ಲಿ ತಪ್ಪು ಅವನದೆಂದು ರುಜುವಾತು ಮಾಡಬೇಕಾದವರು ನಾವು, ಕಾಲವೂ ಹಿಡಿಯುತ್ತದೆ. ಐದಾರು ಸಾವಿರದ ನಷ್ಟಕ್ಕೆ ಇದು ಹೇಳಿದ ದಾರಿಯಲ್ಲ. ದೊಡ್ಡ ನಷ್ಟವಾಗಿ ನಮ್ಮ ಗಾಡಿಗೆ ಥರ್ಡ್ ಪಾರ್ಟಿ ಭಾಗ ಮಾತ್ರ ಇದ್ದಾಗ ಇದೊಂದೇ ದಾರಿ. ಒಂದೇ ನಷ್ಟಕ್ಕೆ ಎರಡೂ ಕಡೆಯಿಂದ ಪೂರ್ತಿ ಹಣ ಪಡೆಯಲಾಗದೆಂಬುದೂ ನೆನಪಿರಲಿ.

ಮೂರನೆಯದು ರಸ್ತೆಯಲ್ಲಿಯೇ ರಾಜಿ. ಯಾರಿಗೂ ಗಾಯವಾಗಿರದಿದ್ದರೆ, ನಷ್ಟ ಸಣ್ಣದಿದ್ದರೆ, ತಪ್ಪು ಮಾಡಿದವನು ರಿಪೇರಿಯ ಹಣ ಕೊಟ್ಟರೆ ಎಲ್ಲರಿಗೂ ಕ್ಷೇಮ. ಆದರೆ ಅಲ್ಲಿಯೇ ಎರಡು ಸಾವಿರ ಈಸಿಕೊಂಡು ಬಂದ ಮೇಲೆ ಗ್ಯಾರೇಜಿನವನು ಒಂಬತ್ತು ಸಾವಿರ ಹೇಳಿದರೆ ಕೇಳುವುದು ಯಾರನ್ನು? ಮೊದಲು ಗ್ಯಾರೇಜಿನ ಅಂದಾಜು, ಆಮೇಲೆ ಹಣ, ಇಬ್ಬರ ಸಹಿಯಿರುವ ಚೀಟಿ. ಗಾಯವಾಗಿದ್ದಲ್ಲಿ ರಾಜಿಯ ಮಾತೇ ಬೇಡ, ಪೊಲೀಸರಿಗೆ ತಿಳಿಸಬೇಕು.

೬. ‘ತಪ್ಪಿಲ್ಲದ ಹೊಣೆ’ ಎಂಬ ಇನ್ನೊಂದು ಮಾತು

ಕಾನೂನಿನಲ್ಲಿ ‘ನೋ ಫಾಲ್ಟ್’ ಎಂಬ ಮಾತು ಬೇರೆ ಅರ್ಥದಲ್ಲಿಯೂ ಬರುತ್ತದೆ; ಎರಡನ್ನೂ ಬೆರೆಸಬಾರದು. ಹಿಂದೆ ಚಾಲಕನ ನಿರ್ಲಕ್ಷ್ಯ ರುಜುವಾತಾಗದೆ ಪರಿಹಾರವಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ೧೯೭೭ರಲ್ಲಿ ಮೀನೂ ಮೆಹ್ತಾ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ರಸ್ತೆಯಲ್ಲಿ ಸತ್ತ ಬಡವನ ಹೆಂಡತಿ ಮಕ್ಕಳು ಸಾಕ್ಷಿಯನ್ನು ಎಲ್ಲಿಂದ ತರಬೇಕು? ೧೯೮೨ರಲ್ಲಿ ಹಳೆಯ ೧೯೩೯ರ ಕಾಯಿದೆಗೆ ತಿದ್ದುಪಡಿಯಾಗಿ, ತಪ್ಪು ಯಾರದೆಂದು ನೋಡದೆಯೇ ಸಾವಿಗೆ ೧೫,೦೦೦, ಶಾಶ್ವತ ಅಂಗವೈಕಲ್ಯಕ್ಕೆ ೭,೫೦೦ ರೂಪಾಯಿ ಗೊತ್ತಾಯಿತು. ೧೯೯೪ರಲ್ಲಿ ಅದು ೫೦,೦೦೦ ಮತ್ತು ೨೫,೦೦೦ಕ್ಕೆ ಏರಿತು. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಹೊಸ ೧೬೪ನೆಯ ಕಲಮಿನಂತೆ ಸಾವಿಗೆ ೫ ಲಕ್ಷ, ಘೋರ ಗಾಯಕ್ಕೆ ಎರಡೂವರೆ ಲಕ್ಷ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ ೨ ಲಕ್ಷ, ಘೋರ ಗಾಯಕ್ಕೆ ೫೦,೦೦೦ ಸಿಗುವ ಯೋಜನೆ ಅದೇ ದಿನದಿಂದ ಇದೆ.

ಇವೆಲ್ಲ ಮನುಷ್ಯನ ದೇಹಕ್ಕೆ ಸಂಬಂಧಪಟ್ಟವು. ಗಾಡಿಯ ತಗಡಿಗೆ ಈ ದಯೆ ಇಲ್ಲ. ಯಾರ ಮನೆಯಲ್ಲಾದರೂ ಇಂಥ ದುಃಖ ಒದಗಿದ್ದರೆ, ಯಾವ ಕಲಮಿನಲ್ಲಿ ಕೇಳಬೇಕೆಂಬುದನ್ನು ವಕೀಲರೊಡನೆ ವಿಚಾರಿಸದೆ ಯಾವ ಕಾಗದಕ್ಕೂ ಸಹಿ ಹಾಕಬಾರದು.

೭. ಸುಳ್ಳು ಬರೆಯಿಸುವವರಿದ್ದಾರೆ, ಎಚ್ಚರ

ಹೋದ ವರ್ಷ ಕ್ಲೇಮ್ ಮಾಡಿ, ಈ ವರ್ಷ ಬೇರೆ ಕಂಪನಿಯಲ್ಲಿ ವಿಮೆ ಮಾಡಿಸುವಾಗ “ಕ್ಲೇಮ್ ಇಲ್ಲವೆಂದು ಬರೆಯೋಣ, ಯಾರು ನೋಡುತ್ತಾರೆ?” ಎನ್ನುವ ದಲ್ಲಾಳಿಗಳಿದ್ದಾರೆ. ಪ್ರೀಮಿಯಂ ಕಡಿಮೆ ಕಂಡು ಗಿರಾಕಿಯೂ ಹಿಗ್ಗುತ್ತಾನೆ. ಆದರೆ ಅರ್ಜಿಯ ಕೆಳಗಿನ ಸಹಿ ದಲ್ಲಾಳಿಯದಲ್ಲ, ನಮ್ಮದು. ಹೊಸ ಕಂಪನಿ ಹಳೆಯದನ್ನು ಕೇಳಿ ನಿಜವನ್ನು ತಿಳಿಯಬಹುದು. ಅದು ಹೊರಬರುವುದು ಹೆಚ್ಚಾಗಿ ದೊಡ್ಡ ಅಪಘಾತದ ದಿನವೇ. ಆಗ ಸ್ವಂತ ನಷ್ಟದ ಭಾಗ ರದ್ದೆನ್ನುತ್ತಾರೆ. ಸಾವಿರ ಉಳಿಸಲು ಹೋಗಿ ಲಕ್ಷ ಕಳೆದುಕೊಂಡಂತೆ.

ಇದರಂತೆಯೇ, ರಿಯಾಯಿತಿ ಸೇರುವುದು ಮಾಲೀಕನಿಗೆ, ಗಾಡಿಗಲ್ಲ. ಹಳೆಯ ಗಾಡಿ ಮಾರಿದರೆ ಕಂಪನಿಯಿಂದ ರಿಯಾಯಿತಿಯ ಪತ್ರ ಬರೆಯಿಸಿಕೊಂಡು ಮೂರು ವರ್ಷದೊಳಗೆ ಅದೇ ವರ್ಗದ ಬೇರೆ ಗಾಡಿಗೆ ಅದನ್ನು ಬಳಸಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವನಿಗೆ ಮಾರಿದವನ ರಿಯಾಯಿತಿ ಬಾರದು. ಕೊಂಡ ೧೪ ದಿನದೊಳಗೆ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ರಿಯಾಯಿತಿಯ ವ್ಯತ್ಯಾಸದ ಹಣವನ್ನು ತುಂಬಬೇಕು. ಪಾಲಿಸಿ ಮುಗಿದು ೯೦ ದಿನ ದಾಟಿದರೆ, ಕ್ಲೇಮ್ ಮಾಡಿರದಿದ್ದರೂ, ರಿಯಾಯಿತಿ ಹೋಗುತ್ತದೆ. ಒಂದು ಕ್ಲೇಮಿಗೆ ರಿಯಾಯಿತಿ ಬೀಳದಂತೆ ಕಾಯುವ ‘ಎನ್.ಸಿ.ಬಿ. ಪ್ರೊಟೆಕ್ಷನ್’ ಎಂಬ ಹೆಚ್ಚುವರಿ ಕಲಮನ್ನೂ ಕಂಪನಿಗಳು ಮಾರುತ್ತವೆ. ಅದರ ಬೆಲೆಯನ್ನೂ ಷರತ್ತನ್ನೂ ಮೇಲಿನ ಕೈಲೆಕ್ಕಕ್ಕೆ ಹೋಲಿಸಿ ನೋಡಿ ಕೊಳ್ಳಬೇಕು.

೮. ಅಪಘಾತವಾದಾಗ ಮಾಡತಕ್ಕದ್ದು

ಮೊದಲು ಗಾಯಾಳುವಿನ ಆರೈಕೆ. ಆಮೇಲೆ ಎದುರು ಗಾಡಿಯ ನಂಬರು, ಚಾಲಕನ ಹೆಸರು, ಲೈಸೆನ್ಸು, ವಿಮಾ ಕಂಪನಿಯ ಹೆಸರು ಬರೆದುಕೊಳ್ಳುವುದು. ಗಾಡಿಗಳನ್ನು ಸರಿಸುವ ಮುನ್ನ ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನಿಂದ ಚಿತ್ರ. ನೋಡಿದವರ ಹೆಸರು, ಫೋನು. ಪೊಲೀಸು ಠಾಣೆಯಲ್ಲಿ ವರದಿ, ಪಂಚನಾಮೆಯ ನಕಲು. ಕ್ಲೇಮ್ ಮಾಡುವ ಸಂಭವವಿದ್ದರೆ ಗಾಡಿ ಬಿಚ್ಚಿಸುವ ಮೊದಲೇ ನಮ್ಮ ಕಂಪನಿಗೆ ಸುದ್ದಿ ಕೊಡಬೇಕು. ಮೇಲಿನ ಲೆಕ್ಕ ಮಾಡಿ ಆಮೇಲೆ ತೀರ್ಮಾನಿಸಬೇಕು.

ಕಂಪನಿಯವರು ನ್ಯಾಯವಾದ ರಿಯಾಯಿತಿಯನ್ನು ಅಥವಾ ಕ್ಲೇಮನ್ನು ತಡೆದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆದು ಕೊಡುವುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಲೋಕಪಾಲರ ಕಚೇರಿ ನಮ್ಮ ಪುಣೆಯಲ್ಲಿಯೇ ಇದೆ.

ತಿಂಗಳ ಪಗಾರದಲ್ಲಿ ಊರಿಗೆ ಕಳುಹಿಸಿ, ಚಾಳಿನ ಬಾಡಿಗೆ ಕೊಟ್ಟು, ಉಳಿದುದರಲ್ಲಿ ಗಾಡಿಯ ಹಪ್ತೆ ಕಟ್ಟುವವರಿಗೆ ಎರಡು ಸಾವಿರವೂ ದೊಡ್ಡ ಮೊತ್ತವೇ. ತಪ್ಪಿಲ್ಲದವನ ರಿಯಾಯಿತಿ ಹೋಗುವುದು ನ್ಯಾಯವೇ ಎಂಬುದನ್ನು ವಾದಿಸುತ್ತ ಕೂಡಬಹುದು. ಆ ವಾದ ಗೆಲ್ಲುವವರೆಗೆ ಲೆಕ್ಕವನ್ನಾದರೂ ತಿಳಿದಿರೋಣ. ಪಾಲಿಸಿಯ ಹೊದಿಕೆಯ ಮೇಲೆ ಇಂದೇ ಮೂರು ಅಂಕಿ ಬರೆದಿಡಿರಿ: ನಮ್ಮ ಮೂಲ ಪ್ರೀಮಿಯಂ, ನಾವಿರುವ ಮೆಟ್ಟಿಲು, ಅದರಂತೆ ಬರುವ ರಿಯಾಯಿತಿಯ ಒಟ್ಟು ನಷ್ಟ. ಗ್ಯಾರೇಜಿನ ಮುಂದೆ ನಿಂತಾಗ ಆ ಮೂರನೆಯ ಅಂಕಿಯೇ ನಿಮಗೆ ಸಲಹೆ ಕೊಡುತ್ತದೆ.